ತೂಕವೊಂದನ್ನೇ ನಂಬಬೇಡಿ: ದೀರ್ಘಕಾಲದ ಲಿವರ್ ಕಾಯಿಲೆಯಲ್ಲಿ ಅಪೌಷ್ಟಿಕತೆ ಅಳೆಯುವ ಬಗೆ

ಸಿರೋಸಿಸ್ (ಲಿವರ್ ಗಾಯಗೊಂಡು ಗಂಟುಗಟ್ಟುವ ಕಾಯಿಲೆ) ಇರುವವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಅದು ಮೈಯ ಮಾಂಸವನ್ನೂ ತೂಗುತ್ತದೆ, ಹೊಟ್ಟೆಯೊಳಗಿನ ನೀರನ್ನೂ ತೂಗುತ್ತದೆ. ಯಾವುದು ಎಷ್ಟು ಎಂದು ಮಾತ್ರ ಹೇಳುವುದಿಲ್ಲ. ಮೂರು ಕೆ.ಜಿ. ಸ್ನಾಯು ಕರಗಿ, ಅಷ್ಟೇ ಹೊತ್ತಿಗೆ ಮೂರು ಲೀಟರ್ ನೀರು ತುಂಬಿಕೊಂಡವರ ಕಡತದಲ್ಲಿ 'ತೂಕ ಸ್ಥಿರವಾಗಿದೆ' ಎಂದು ಬರೆದಿರುತ್ತದೆ. ಹಾಗಾಗಿ ಈ ರೋಗಿಗಳಲ್ಲಿ ಅಪೌಷ್ಟಿಕತೆ ಅಳೆಯುವುದೆಂದರೆ ಮುಖ್ಯವಾಗಿ ಎರಡನ್ನು ಅಳೆಯುವುದು: ಸ್ನಾಯು ಎಷ್ಟು ಉಳಿದಿದೆ, ಬಾಯಿಗೆ ಎಷ್ಟು ಹೋಗುತ್ತಿದೆ. ಉಳಿದ ಲೆಕ್ಕಗಳೆಲ್ಲ ಇವೆರಡಕ್ಕೆ ಪೂರಕ.

ವಾರ್ಡಿನಲ್ಲಿ, ಹೊರರೋಗಿ ವಿಭಾಗದಲ್ಲಿ ಕೆಲಸ ಮಾಡುವ ನರ್ಸ್‌ಗಳು, ಆಹಾರ ತಜ್ಞರು, ಕಿರಿಯ ವೈದ್ಯರು ಇದನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ತಪ್ಪುತ್ತದೆ ಎಂಬುದು ಮುಂದಿದೆ. ಬೇಕಾದ ಸಲಕರಣೆ ಹೆಚ್ಚಿಲ್ಲ: ಸರಿಯಾಗಿ ಹೊಂದಿಸಿದ ತೂಕದ ಯಂತ್ರ, ಎತ್ತರದ ಅಳತೆಪಟ್ಟಿ, ಹಿಗ್ಗದ ಟೇಪು, ಚರ್ಮದ ಮಡಿಕೆ ಅಳೆಯುವ ಕ್ಯಾಲಿಪರ್, ಕೈಹಿಡಿತದ ಡೈನಮೋಮೀಟರ್, ಕೈ ಇಲ್ಲದ ಗಟ್ಟಿ ಕುರ್ಚಿ, ಒಂದು ಸ್ಟಾಪ್‌ವಾಚ್.

ಯಾರನ್ನು ಮೊದಲು ನೋಡಬೇಕು

ಸಿರೋಸಿಸ್ ಇನ್ನೂ ಹದ ತಪ್ಪದವರಲ್ಲಿ ಸುಮಾರು ಶೇ. 20 ಮಂದಿಗೆ, ಜಲೋದರ (ಹೊಟ್ಟೆಯಲ್ಲಿ ನೀರು ತುಂಬುವುದು), ಕಾಮಾಲೆ, ರಕ್ತವಾಂತಿಯಂಥ ತೊಡಕು ಶುರುವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಪೌಷ್ಟಿಕತೆ ಇರುತ್ತದೆ. ಅಂದರೆ ಎರಡನೆಯ ಗುಂಪಿನಲ್ಲಿ 'ಇರಬಹುದೇ?' ಎಂದು ಕೇಳುವುದಕ್ಕಿಂತ 'ಇದೆ' ಎಂದುಕೊಂಡೇ ಶುರುಮಾಡಿ, ಇಲ್ಲವೆಂದು ತೋರಿದರೆ ಬಿಡುವುದು ಮೇಲು.

ಯುರೋಪಿನ ಲಿವರ್ ಅಧ್ಯಯನ ಸಂಘದ 2019ರ ಮಾರ್ಗಸೂಚಿ ಒಂದು ಹತ್ತಿರದ ದಾರಿಯನ್ನು ಒಪ್ಪುತ್ತದೆ: ಬಿಎಂಐ (ಕೆ.ಜಿ. ತೂಕವನ್ನು ಮೀಟರಿನಲ್ಲಿ ಬರೆದ ಎತ್ತರದ ವರ್ಗದಿಂದ ಭಾಗಿಸಿದ್ದು) 18.5ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಸಿರೋಸಿಸ್ ತೀವ್ರತೆ ಅಳೆಯುವ ಚೈಲ್ಡ್-ಪ್ಯೂ ಪಟ್ಟಿಯಲ್ಲಿ 'ಸಿ' ದರ್ಜೆ ಇದ್ದರೆ, ಅಂದರೆ 10ರಿಂದ 15 ಅಂಕ, ಶೋಧನೆಯ ಪ್ರಶ್ನಾವಳಿಯಲ್ಲಿ ಸಮಯ ಕಳೆಯದೆ ನೇರವಾಗಿ ವಿವರವಾದ ಪರೀಕ್ಷೆಗೆ ಹೋಗಿ. ಉಳಿದವರಿಗೆ ಪ್ರಶ್ನಾವಳಿ ಬೇಕು.

ಸಾಮಾನ್ಯ ವಾರ್ಡುಗಳಲ್ಲಿ ಬಳಸುವ ಪ್ರಶ್ನಾವಳಿಗಳು ಬಹುಪಾಲು ತೂಕ ಮತ್ತು ಬಿಎಂಐ ಮೇಲೆ ನಿಂತಿವೆ. ನೀರು ತುಂಬಿದವರಲ್ಲಿ ಅವು ಸುಳ್ಳು ಸಮಾಧಾನ ಕೊಡುತ್ತವೆ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ರೂಪುಗೊಂಡ ಆದ್ಯತಾ ಪಟ್ಟಿ ಈ ಕಾರಣಕ್ಕೇ ರೋಗಿಗಳನ್ನು ಎರಡು ದಾರಿಗೆ ಕಳಿಸುತ್ತದೆ. ಐದು ನಿಮಿಷದೊಳಗೆ ಮುಗಿಯುವ ಕೆಲಸ.

ಮೊದಲ ಪ್ರಶ್ನೆ: ಮದ್ಯದಿಂದ ಬಂದ ತೀವ್ರ ಹೆಪಟೈಟಿಸ್ ಇದೆಯೇ, ಅಥವಾ ಕೊಳವೆಯಲ್ಲಿ ಆಹಾರ ಕೊಡಲಾಗುತ್ತಿದೆಯೇ? ಹೌದಾದರೆ ನೇರ 6 ಅಂಕ, ಹೆಚ್ಚಿನ ಅಪಾಯ. ಮುಂದಿನದನ್ನು ಕೇಳುವ ಅಗತ್ಯವೇ ಇಲ್ಲ.

ಎರಡನೆಯದು: ಹೊಟ್ಟೆಯಲ್ಲಿ ನೀರು ಅಥವಾ ಕಾಲಿನಲ್ಲಿ ಬಾವು ಇದೆಯೇ? ಇಲ್ಲವಾದರೆ ಬಿಎಂಐ 20ಕ್ಕಿಂತ ಮೇಲಿದ್ದರೆ 0, 18.5ರಿಂದ 20ರೊಳಗಿದ್ದರೆ 1, ಅದಕ್ಕೂ ಕೆಳಗಿದ್ದರೆ 2. ಕಳೆದ ಮೂರರಿಂದ ಆರು ತಿಂಗಳಲ್ಲಿ ಬಯಸದೆ ಇಳಿದ ತೂಕ ಶೇ. 5ಕ್ಕಿಂತ ಕಡಿಮೆಯಾದರೆ 0, ಶೇ. 5ರಿಂದ 10 ಆದರೆ 1, ಶೇ. 10 ದಾಟಿದರೆ 2. ತೀವ್ರವಾಗಿ ಕಾಯಿಲೆ ಬಿದ್ದು ಐದು ದಿನಕ್ಕಿಂತ ಹೆಚ್ಚು ಏನೂ ತಿಂದಿಲ್ಲದಿದ್ದರೆ ಅಥವಾ ತಿನ್ನಲಾಗದ ಸ್ಥಿತಿ ಕಾಣುತ್ತಿದ್ದರೆ ಇನ್ನೂ 2.

ನೀರು ಇದೆ ಎಂದಾದರೆ ಪ್ರಶ್ನೆಗಳೇ ಬೇರೆ. ನೀರಿನ ಭಾರದಿಂದ ಊಟಕ್ಕೆ ಅಡ್ಡಿಯಾಗುತ್ತಿದೆಯೇ: ಇಲ್ಲ 0, ಆಗಾಗ 1, ಹೌದು 2. ಮೂರರಿಂದ ಆರು ತಿಂಗಳಲ್ಲಿ ತೂಕ ಇಳಿದಿದೆಯೇ: ಇಲ್ಲ 0, ಹೇಳುವುದು ಕಷ್ಟ 1, ಹೌದು 2. ಕಳೆದ ಐದು ದಿನದಲ್ಲಿ ಊಟ ಅರ್ಧ ಅಥವಾ ಅದಕ್ಕೂ ಕಡಿಮೆಯಾಗಿದೆಯೇ: ಹೌದಾದರೆ 2. ನೀರಿಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ: ಹೌದಾದರೆ 1.

ಒಟ್ಟು 0 ಬಂದರೆ ಅಪಾಯ ಕಡಿಮೆ, 1 ಬಂದರೆ ಮಧ್ಯಮ, 2ರಿಂದ 7 ಬಂದರೆ ಹೆಚ್ಚು. ಗಮನಿಸಿ: ಜಲೋದರಕ್ಕೆ ಮಾತ್ರೆ ನುಂಗುತ್ತಿರುವ, 'ತೂಕ ಇಳಿದಿದೆಯೋ ಇಲ್ಲವೋ ಗೊತ್ತಿಲ್ಲ' ಎನ್ನುವ ರೋಗಿ ಈ ಎರಡೇ ಉತ್ತರಗಳಿಂದ ಹೆಚ್ಚಿನ ಅಪಾಯದ ಗುಂಪಿಗೆ ಸೇರುತ್ತಾರೆ. ಇದನ್ನು ಅತಿಯೆಂದು ಕೆಲವರು ಅಂಕ ತಗ್ಗಿಸುತ್ತಾರೆ. ತಗ್ಗಿಸಬೇಡಿ, ಪಟ್ಟಿಯನ್ನು ಹಾಗೆ ಕಟ್ಟಿರುವುದೇ ಇಂಥವರು ಕೈತಪ್ಪಿ ಹೋಗಬಾರದೆಂದು.

ನೀರು ಕಳೆದ ತೂಕ

ಅಪಾಯ ಕಂಡವರಲ್ಲಿ ಮೊದಲ ಕೆಲಸ ನೀರನ್ನು ಕಳೆದ 'ಒಣ ತೂಕ' ಕಂಡುಕೊಳ್ಳುವುದು. ಎಲ್ಲಕ್ಕಿಂತ ನಂಬಬಹುದಾದದ್ದು ಹೊಟ್ಟೆಯ ನೀರು ತೆಗೆಸಿದ ದಿನವೇ ತೆಗೆದುಕೊಂಡ ತೂಕ. ಎರಡು ಮೂರು ದಿನ ಕಳೆದರೆ ನೀರು ಮತ್ತೆ ತುಂಬಲಾರಂಭಿಸಿ ಆ ಲಾಭ ಹೋಗುತ್ತದೆ. ಪೂರ್ತಿ ನೀರು ತೆಗೆಯದಿದ್ದರೆ ಉಳಿದದ್ದು ತೂಕದಲ್ಲೇ ಇರುತ್ತದೆ ಎನ್ನುವುದೂ ನೆನಪಿರಲಿ. ಜಲೋದರ ಶುರುವಾಗುವ ಮುಂಚಿನ ತೂಕ ಹಳೆಯ ಕಡತದಲ್ಲಿ ಸಿಕ್ಕಿದರೆ ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ.

ಇವಾವುವೂ ಇಲ್ಲದಾಗ ಅಂದಾಜು ಮಾಡುವ ರೂಢಿ ಹೀಗಿದೆ: ಜಲೋದರ ಅಲ್ಪವಾಗಿದ್ದರೆ ಅಳೆದ ತೂಕದಲ್ಲಿ ಶೇ. 5, ಮಧ್ಯಮವಾದರೆ ಶೇ. 10, ತೀವ್ರವಾದರೆ ಶೇ. 15 ಕಳೆಯಿರಿ. ಎರಡೂ ಕಾಲಿನಲ್ಲಿ ಬಾವು ಇದ್ದರೆ ಇನ್ನೂ ಶೇ. 5.

ಒಂದು ಲೆಕ್ಕ ನೋಡೋಣ. ಎತ್ತರ 168 ಸೆಂ.ಮೀ., ತೂಕ 68 ಕೆ.ಜಿ. ಇರುವ ಗಂಡಸು, ಹೊಟ್ಟೆ ಬಿಗಿದಿದೆ, ಎರಡೂ ಪಾದದಲ್ಲಿ ಬಾವಿದೆ. ಹಾಗೆಯೇ ಲೆಕ್ಕ ಹಾಕಿದರೆ ಬಿಎಂಐ 24.1, ಯಾರೂ ತಲೆ ಕೆಡಿಸಿಕೊಳ್ಳದ ಸಂಖ್ಯೆ. ಬಿಗಿದ ಹೊಟ್ಟೆಗೆ ಶೇ. 15, ಬಾವಿಗೆ ಶೇ. 5, ಒಟ್ಟು ಶೇ. 20 ಅಂದರೆ 13.6 ಕೆ.ಜಿ. ಕಳೆದರೆ ಒಣ ತೂಕ 54.4 ಕೆ.ಜಿ., ಬಿಎಂಐ 19.3. ಅದೇ ವ್ಯಕ್ತಿ, ಅದೇ ಬೆಳಗ್ಗೆ, ತೀರ್ಮಾನ ಬೇರೆ. ಮುಂದೆಯೂ ಇವರ ಲೆಕ್ಕವನ್ನೇ ಹಿಡಿದು ಹೋಗುತ್ತೇವೆ.

ನೀರು ಎಷ್ಟಿದೆ ಎಂಬ ಅಂದಾಜು ನೋಡುವವರ ಕಣ್ಣಿಗೆ ಬಿಟ್ಟದ್ದು. ಒಬ್ಬರ 'ಮಧ್ಯಮ' ಇನ್ನೊಬ್ಬರಿಗೆ 'ತೀವ್ರ' ಆಗಬಹುದು. ಆದ್ದರಿಂದ ಕಡತದಲ್ಲಿ ಒಣ ತೂಕವನ್ನು ಮಾತ್ರ ಬರೆದು ಬಿಡಬೇಡಿ. ಅಳೆದ ತೂಕ, ಜಲೋದರದ ದರ್ಜೆ, ಕಳೆದ ಪ್ರಮಾಣ, ಮೂರನ್ನೂ ಬರೆಯಿರಿ. ಮುಂದಿನ ಸಲ ನೋಡುವವರು ಬೇರೆಯವರಾದರೆ ಲೆಕ್ಕವನ್ನು ತಾವೇ ಮರಳಿ ಮಾಡಿಕೊಳ್ಳಬಹುದು. ಶೇಕಡಾ ಕಳೆಯುವ ತಂಟೆಯೇ ಬೇಡವೆನ್ನುವವರಿಗೆ ಇನ್ನೊಂದು ದಾರಿಯಿದೆ, ಬಿಎಂಐಯ ಗಡಿಯನ್ನೇ ಏರಿಸುವುದು: ನೀರಿಲ್ಲದವರಲ್ಲಿ 22, ಅಲ್ಪ ಜಲೋದರದಲ್ಲಿ 23, ಬಿಗಿದ ಜಲೋದರದಲ್ಲಿ 25. ಇದಕ್ಕಿಂತ ಕೆಳಗಿದ್ದರೆ ಅಪೌಷ್ಟಿಕತೆಯ ಶಂಕೆ. ಮೇಲಿನ ವ್ಯಕ್ತಿ 24.1ರಲ್ಲಿ ಈ ಗಡಿಯ ಕೆಳಗೇ ಬೀಳುತ್ತಾರೆ. ಎರಡು ದಾರಿಯೂ ಒಂದೇ ಕಡೆಗೆ ಕೈ ತೋರಿಸಿದರೆ ಧೈರ್ಯವಾಗಿ ಮುಂದೆ ಹೋಗಬಹುದು.

ತೂಗುವಾಗಿನ ಶಿಸ್ತು ಎಲ್ಲರಿಗೂ ಗೊತ್ತಿರುವುದೇ: ಬೆಳಗ್ಗೆ, ಮೂತ್ರ ಮಾಡಿಸಿ, ತಿಂಡಿಗೆ ಮುಂಚೆ, ಹಗುರ ಬಟ್ಟೆಯಲ್ಲಿ, ಅದೇ ಯಂತ್ರದಲ್ಲಿ. ನಿಲ್ಲಲಾರದವರ ಎತ್ತರವನ್ನು ಮೊಣಕಾಲಿನ ಎತ್ತರ ಅಥವಾ ಮುಂಗೈ ಮೂಳೆಯ ಉದ್ದದಿಂದ ಅಂದಾಜಿಸುವ ಕೋಷ್ಟಕಗಳಿವೆ. ರೋಗಿ ಬಾಯಿಮಾತಿನಲ್ಲಿ ಹೇಳಿದ ಎತ್ತರವನ್ನು ಮಾತ್ರ ಬರೆಯಬೇಡಿ. ಎತ್ತರದ ತಪ್ಪು ವರ್ಗವಾಗಿ ಬಿಎಂಐಯಲ್ಲಿ ದೊಡ್ಡದಾಗುತ್ತದೆ.

ದಪ್ಪಗಿರುವವರ ವಿಷಯದಲ್ಲಿ ಇನ್ನೊಂದು ಎಚ್ಚರ. ಕೊಬ್ಬಿನ ಲಿವರ್‌ನಿಂದ ಸಿರೋಸಿಸ್‌ಗೆ ಬಂದವರಲ್ಲಿ ಒಣ ತೂಕದ ಬಿಎಂಐ 30 ದಾಟಿದ್ದರೂ ಸ್ನಾಯು ಕರಗಿರಬಹುದು. ಬಿಎಂಐ ಹೆಚ್ಚಿದೆಯೆಂದು ಮುಂದಿನ ಪರೀಕ್ಷೆ ಬಿಟ್ಟರೆ ಸಿಗದೆ ಹೋಗುವವರು ಇವರೇ.

ಕಣ್ಣಿಂದ, ಕೈಯಿಂದ ನೋಡುವುದು

ಬಟ್ಟೆ ಸರಿಸಿ, ಒಳ್ಳೆಯ ಬೆಳಕಿನಲ್ಲಿ ಮೇಲಿನಿಂದ ಕೆಳಕ್ಕೆ ನೋಡಿ. ಕಪೋಲದ ಮೇಲಿನ ಕಣತಲೆ ಗುಳಿ ಬಿದ್ದಿದೆಯೇ. ಕೊರಳೆಲುಬು ಎದ್ದು ಕಾಣುತ್ತಿದೆಯೇ. ಭುಜದ ದುಂಡು ಹೋಗಿ ಚೌಕವಾಗಿದೆಯೇ. ಬೆನ್ನಿನ ಹಲಗೆ ಮೂಳೆಯ ಅಂಚು ಚುಚ್ಚಿಕೊಂಡಿದೆಯೇ. ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಮಾಂಸ ತಗ್ಗಾಗಿದೆಯೇ. ಕಣ್ಣ ಕೆಳಗಿನ ಮತ್ತು ತೋಳಿನ ಹಿಂಬದಿಯ ಕೊಬ್ಬನ್ನು ಬೆರಳಲ್ಲಿ ಹಿಡಿದು ನೋಡಿ. ತೊಡೆ, ಮೀನಖಂಡಗಳನ್ನು ಕೊನೆಗೆ ನೋಡಿ, ಆದರೆ ಬಾವಿದ್ದರೆ ಅವುಗಳ ದಪ್ಪವನ್ನು ನಂಬಬೇಡಿ. ಬೆರಳಿಂದ ಒತ್ತಿದಾಗ ಗುಳಿ ಉಳಿಯುವ ತೊಡೆ ಒಳಗೆ ಎಷ್ಟು ಸ್ನಾಯು ಇಟ್ಟುಕೊಂಡಿದೆ ಎಂದು ಕಣ್ಣು ಹೇಳಲಾರದು. ಮುಖ, ಭುಜ, ಕೈಗಳಲ್ಲಿ ನೀರು ತಡವಾಗಿ ಬರುವುದರಿಂದ ಅಲ್ಲಿ ಕಂಡದ್ದಕ್ಕೆ ಹೆಚ್ಚು ಬೆಲೆ.

ತೋಳಿನ ಅಳತೆ

ಇದೇ ಕಾರಣಕ್ಕೆ ತೋಳಿನ ಸ್ನಾಯುವಿನ ಸುತ್ತಳತೆ ಈ ಕಾಯಿಲೆಯಲ್ಲಿ ಇಂದಿಗೂ ಉಳಿದುಕೊಂಡಿದೆ. ಅಗ್ಗ, ಹಾಸಿಗೆಯ ಪಕ್ಕದಲ್ಲೇ ಆಗುತ್ತದೆ. ಕೈ ಪಳಗಿದ್ದರೆ ಮಾತ್ರ ನಂಬಬಹುದು.

ರೋಗಿ ಬರೆಯಲು ಬಳಸದ ಕೈಯನ್ನು ಆರಿಸಿಕೊಳ್ಳಿ. ಮೊಣಕೈ 90 ಡಿಗ್ರಿ ಮಡಿಸಿಸಿ, ಭುಜದ ತುದಿಯ ಮೂಳೆಯಿಂದ ಮೊಣಕೈ ತುದಿಯ ಮೂಳೆಯವರೆಗೆ ಹಿಂಬದಿಯಲ್ಲಿ ಟೇಪು ಹಿಡಿದು, ಸರಿಯಾಗಿ ಮಧ್ಯದಲ್ಲಿ ಪೆನ್ನಿನ ಗುರುತು ಹಾಕಿ. ಈಗ ಕೈಯನ್ನು ಸಡಿಲವಾಗಿ ಕೆಳಗೆ ಬಿಡಿಸಿ. ಗುರುತಿನ ಮಟ್ಟದಲ್ಲಿ ಟೇಪು ಸುತ್ತಿ. ಚರ್ಮಕ್ಕೆ ತಾಗಬೇಕು, ಒತ್ತಬಾರದು. 0.1 ಸೆಂ.ಮೀ. ತನಕ ಓದಿ. ಅನಂತರ ತೋಳಿನ ಹಿಂಬದಿಯಲ್ಲಿ, ಗುರುತಿಗಿಂತ 1 ಸೆಂ.ಮೀ. ಮೇಲೆ, ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಹೆಬ್ಬೆರಳು-ತೋರುಬೆರಳಲ್ಲಿ ಹಿಡಿದು ಸ್ನಾಯುವಿನಿಂದ ಎಳೆದೆತ್ತಿ, ಗುರುತಿನ ಮೇಲೆ ಕ್ಯಾಲಿಪರ್ ಹಾಕಿ. ಕ್ಯಾಲಿಪರಿನ ಹಿಡಿಯನ್ನು ಪೂರ್ತಿ ಬಿಟ್ಟು, ಬೆರಳಿನ ಹಿಡಿತ ಬಿಡದೆ, ಎರಡು ಸೆಕೆಂಡು ಆದ ಮೇಲೆ ಓದಿ. ಮೂರು ಸಲ ತೆಗೆದು ಸರಾಸರಿ ಮಾಡಿ.

ಸ್ನಾಯುವಿನ ಸುತ್ತಳತೆ = ತೋಳಿನ ಸುತ್ತಳತೆ (ಸೆಂ.ಮೀ.) − 3.14 × ಮಡಿಕೆಯ ದಪ್ಪ (ಸೆಂ.ಮೀ.)

ನಮ್ಮ ರೋಗಿಯ ತೋಳು 23.5 ಸೆಂ.ಮೀ., ಮಡಿಕೆ 6 ಮಿ.ಮೀ. ಎಂದುಕೊಳ್ಳಿ. 6 ಮಿ.ಮೀ. ಅಂದರೆ 0.6 ಸೆಂ.ಮೀ.; 3.14ರಿಂದ ಗುಣಿಸಿದರೆ 1.9. ಉಳಿದದ್ದು 21.6 ಸೆಂ.ಮೀ. ಈ ಸಂಖ್ಯೆಯನ್ನು ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಕೋಷ್ಟಕದಲ್ಲಿ ನೋಡಬೇಕು. ನೂರು ಮಂದಿಯನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿದರೆ ಐದನೆಯವರ ಅಳತೆಗಿಂತ ಕೆಳಗಿದ್ದರೆ, ಅಂದರೆ 5ನೇ ಪರ್ಸೆಂಟೈಲ್‌ಗಿಂತ ಕೆಳಗೆ, ಸ್ನಾಯು ಕಡಿಮೆ ಎಂದರ್ಥ. ಇವರು ಕೆಳಗಿದ್ದಾರೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಮೂರು. ಮಿಲಿಮೀಟರನ್ನು ಸೆಂಟಿಮೀಟರಿಗೆ ಬದಲಿಸದೆ ಕಳೆಯುವುದು. ಉತ್ತರ ಅಸಂಬದ್ಧವಾಗಿ ಬರುವುದರಿಂದ ಇದು ಬೇಗ ಸಿಕ್ಕಿಬೀಳುತ್ತದೆ. ಮಧ್ಯಬಿಂದುವನ್ನು ಕಣ್ಣಂದಾಜಿನಲ್ಲಿ ಹಾಕುವುದು. ಇದು ಸಿಕ್ಕಿಬೀಳುವುದಿಲ್ಲ, ಅದಕ್ಕೇ ಹೆಚ್ಚು ಅಪಾಯ. ಮೂರನೆಯದು ಸಲಕ್ಕೊಬ್ಬರು ಅಳೆಯುವುದು. ಇಬ್ಬರ ಕೈಯ ವ್ಯತ್ಯಾಸವೇ ಎರಡು ತಿಂಗಳಲ್ಲಿ ಆದ ನಿಜವಾದ ಬದಲಾವಣೆಗಿಂತ ದೊಡ್ಡದಾಗಿರಬಹುದು. ಮೈಯೆಲ್ಲ ಬಾವು ಬಂದು ಕೈಗೂ ಇಳಿದಿದ್ದರೆ ಈ ಅಳತೆಯನ್ನು ಬಿಟ್ಟುಬಿಡಿ.

ಹಿಡಿತದ ಬಲ

ಸ್ನಾಯುವಿನ ಗಾತ್ರ ಇಳಿಯುವ ಮುಂಚೆಯೇ ಅದರ ಬಲ ಇಳಿದಿರುತ್ತದೆ. ಒಂದೇ ಒಂದು ಪರೀಕ್ಷೆಗೆ ಸಮಯವಿದೆ ಎಂದರೆ ಇದನ್ನು ಆರಿಸಿ. ನೀರು ಇದನ್ನು ಕೆಡಿಸುವುದಿಲ್ಲ.

ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕೂರಿಸಿ. ಪಾದ ನೆಲಕ್ಕೆ ಊರಿರಲಿ, ತೋಳು ಮೈಗೆ ತಾಗಿರಲಿ, ಮೊಣಕೈ 90 ಡಿಗ್ರಿ, ಹೆಬ್ಬೆರಳು ಮೇಲಕ್ಕೆ. ಡೈನಮೋಮೀಟರಿನ ಹಿಡಿಯನ್ನು ಎರಡನೆಯ ಸ್ಥಾನಕ್ಕಿಡಿ. 'ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಹಿಂಡಿ' ಎಂದು ಪ್ರತಿ ಸಲವೂ ಒಂದೇ ಮಾತಿನಲ್ಲಿ ಹುರಿದುಂಬಿಸಿ. ಮೂರರಿಂದ ಐದು ಸೆಕೆಂಡು ಸಾಕು. ನಡುವೆ ಬಿಡುವು ಕೊಟ್ಟು ಮೂರು ಸಲ. ಎಲ್ಲಕ್ಕಿಂತ ಹೆಚ್ಚು ಬಂದದ್ದನ್ನು ತೆಗೆದುಕೊಳ್ಳುವುದೋ ಸರಾಸರಿಯೋ ಎಂಬುದು ನೀವು ಯಾವ ಗಡಿಯನ್ನು ಬಳಸುತ್ತೀರಿ ಎಂಬುದರ ಮೇಲೆ ನಿಂತಿದೆ, ಎರಡನ್ನು ಬೆರೆಸಬೇಡಿ. ಏಷ್ಯಾದ ಸಾರ್ಕೊಪೀನಿಯಾ (ಸ್ನಾಯು ಕರಗಿ ಬಲಗುಂದುವುದು) ಕಾರ್ಯತಂಡದ 2019ರ ಗಡಿ ಗಂಡಸರಿಗೆ 28 ಕೆ.ಜಿ., ಹೆಂಗಸರಿಗೆ 18 ಕೆ.ಜಿ.; ಯುರೋಪಿನದು 27 ಮತ್ತು 16. ಇದಕ್ಕಿಂತ ಕೆಳಗಿದ್ದರೆ ಬಲ ಕಡಿಮೆ.

ಸಂಧಿವಾತ, ಬೆರಳಿನ ಹಳೆಯ ಪೆಟ್ಟು, ಮುಂಗೈಗೆ ಚುಚ್ಚಿದ ಸೂಜಿ ಇವೆಲ್ಲ ಸಂಖ್ಯೆಯನ್ನು ಸುಳ್ಳಾಗಿ ಇಳಿಸುತ್ತವೆ. ಲಿವರ್‌ನಿಂದ ಮೆದುಳಿಗೆ ಮಬ್ಬು ಕವಿದವರು ಹೇಳಿದ್ದನ್ನು ಅರ್ಥಮಾಡಿಕೊಳ್ಳದೆ ಅರೆಮನಸ್ಸಿನಿಂದ ಹಿಂಡುತ್ತಾರೆ. ಮೂರು ಯತ್ನಗಳ ನಡುವೆ ಸಂಖ್ಯೆ ತೀರಾ ಏರುಪೇರಾದರೆ ಅದು ಸ್ನಾಯುವಿನ ಮಾತಲ್ಲ, ಗಮನದ ಮಾತು. ಮಬ್ಬು ಕಳೆದ ಮೇಲೆ ಮತ್ತೆ ಮಾಡಿ.

ಹಿಡಿತದ ಜೊತೆಗೆ ಇನ್ನೆರಡು ಕೆಲಸ ಸೇರಿಸಿದರೆ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಲಿವರ್ ದೌರ್ಬಲ್ಯ ಸೂಚ್ಯಂಕ ಸಿಗುತ್ತದೆ. ಒಂದು, ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಬೇಕು ಎಂಬುದು. ಇನ್ನೊಂದು, ಪಾದಗಳನ್ನು ಜೋಡಿಸಿ, ಅರ್ಧ ಮುಂದಿಟ್ಟು, ಒಂದರ ಹಿಂದೆ ಒಂದು ಇಟ್ಟು, ತಲಾ 10 ಸೆಕೆಂಡು ನಿಲ್ಲುವುದು. ಲೆಕ್ಕಯಂತ್ರ ಅಂತರಜಾಲದಲ್ಲಿ ಉಚಿತವಾಗಿದೆ. ಈ ಸೂಚ್ಯಂಕಕ್ಕೆ ಮೂರು ಹಿಡಿತಗಳ ಸರಾಸರಿ ಬೇಕು, ಅದೂ ರೋಗಿ ಹೆಚ್ಚು ಬಳಸುವ ಕೈಯದು. 3.2ಕ್ಕಿಂತ ಕಡಿಮೆ ಬಂದರೆ ಗಟ್ಟಿಮುಟ್ಟು, 4.5 ಅಥವಾ ಹೆಚ್ಚಾದರೆ ದುರ್ಬಲ, ನಡುವಿನವರು ದೌರ್ಬಲ್ಯದ ಹೊಸ್ತಿಲಲ್ಲಿರುವವರು. ಸಮತೋಲನದ ಪರೀಕ್ಷೆಯಲ್ಲಿ ಪಕ್ಕದಲ್ಲೇ ನಿಂತಿರಿ. ರಕ್ತ ಹೆಪ್ಪುಗಟ್ಟುವುದು ತಡವಾದವರು ಬಿದ್ದರೆ ಅನಾಹುತ.

ಊಟದ ಲೆಕ್ಕ

ಎಲ್ಲರೂ ಆತುರದಲ್ಲಿ ಮುಗಿಸುವ, ಆದರೆ ಮುಂದಿನ ಚಿಕಿತ್ಸೆಯನ್ನು ಹೆಚ್ಚಾಗಿ ನಿರ್ಧರಿಸುವ ಭಾಗ ಇದು. 'ಊಟ ಸೇರುತ್ತಾ?' ಎಂದು ಕೇಳಿದರೆ 'ಹ್ಞೂಂ, ಪರವಾಗಿಲ್ಲ' ಎಂಬ ಉತ್ತರ ಬರುತ್ತದೆ. ಅದರಿಂದ ಯಾವ ಲೆಕ್ಕವೂ ಹುಟ್ಟುವುದಿಲ್ಲ.

ನಿನ್ನೆ ಎದ್ದಾಗಿನಿಂದ ಇಂದು ಎದ್ದಾಗಿನವರೆಗೆ ಬಾಯಿಗೆ ಹೋದದ್ದನ್ನೆಲ್ಲ ಗಂಟೆಯ ಕ್ರಮದಲ್ಲಿ ಹೇಳಿಸಿ. ಬಟ್ಟಲು, ಲೋಟ, ಚಮಚಗಳನ್ನು ಎದುರಿಗಿಟ್ಟುಕೊಂಡು 'ಇದರಲ್ಲಿ ಎಷ್ಟು?' ಎಂದು ಕೇಳಿ. ಬಡಿಸಿದ್ದು ಎಷ್ಟು ಎಂಬುದಕ್ಕಿಂತ ತಟ್ಟೆಯಲ್ಲಿ ಬಿಟ್ಟದ್ದು ಎಷ್ಟು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಬರುತ್ತದೆ. ನಿನ್ನೆ ಎಂದಿನಂಥ ದಿನವಾಗಿತ್ತೇ ಎಂದು ಕೇಳಲು ಮರೆಯಬೇಡಿ. ನೀರು ತೆಗೆಸಿದ ದಿನ, ಎಂಡೋಸ್ಕೋಪಿಗೆಂದು ಉಪವಾಸವಿದ್ದ ದಿನ ಲೆಕ್ಕಕ್ಕೆ ಬರುವುದಿಲ್ಲ. ಸಾಧ್ಯವಾದವರಿಗೆ ಮೂರು ದಿನದ ಊಟವನ್ನು ಬರೆದಿಡಲು ಹೇಳಿ, ಅದರಲ್ಲಿ ಒಂದು ರಜೆಯ ದಿನವಿರಲಿ. ನೆನಪು ಮಸುಕಾದವರ ಮಾತನ್ನೇ ನೆಚ್ಚದೆ, ಮನೆಯಲ್ಲಿ ಅಡುಗೆ ಮಾಡಿ ಬಡಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಗುರಿ ಒಣ ತೂಕದ ಮೇಲೆ: ದಪ್ಪಗಿಲ್ಲದವರಿಗೆ ದಿನಕ್ಕೆ ಪ್ರತಿ ಕೆ.ಜಿ.ಗೆ ಕನಿಷ್ಠ 35 ಕಿಲೋ ಕ್ಯಾಲೊರಿ, ಪ್ರೋಟೀನ್ 1.2ರಿಂದ 1.5 ಗ್ರಾಂ. ನಮ್ಮ 54.4 ಕೆ.ಜಿ. ವ್ಯಕ್ತಿಗೆ ಸುಮಾರು 1,900 ಕಿಲೋ ಕ್ಯಾಲೊರಿ, 65ರಿಂದ 82 ಗ್ರಾಂ ಪ್ರೋಟೀನ್. ಅವರ ಊಟದ ಪಟ್ಟಿ ಕೂಡಿಸಿದಾಗ 1,100 ಕಿಲೋ ಕ್ಯಾಲೊರಿ, 35 ಗ್ರಾಂ ಪ್ರೋಟೀನ್ ಬಂತು ಎಂದುಕೊಳ್ಳಿ: ಸಾಲದು. ದಿನಕ್ಕೆ 500 ಕಿಲೋ ಕ್ಯಾಲೊರಿಗಿಂತಲೂ ಕಡಿಮೆಯಾದರೆ ತಿನ್ನುತ್ತಲೇ ಇಲ್ಲ ಎಂದು ಲೆಕ್ಕ.

ಪ್ರಮಾಣದಷ್ಟೇ ಮುಖ್ಯ, ಹೊತ್ತು. ರಾತ್ರಿ ಊಟದಿಂದ ಬೆಳಗಿನ ತಿಂಡಿಯವರೆಗೆ ಎಷ್ಟು ಗಂಟೆ ಖಾಲಿ ಹೊಟ್ಟೆ? ಸಿರೋಸಿಸ್‌ನಲ್ಲಿ ಲಿವರ್‌ನ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಸಂಗ್ರಹ ಸಣ್ಣದು. ಆರೋಗ್ಯವಂತರು ಎರಡು ಮೂರು ದಿನ ಉಪವಾಸವಿದ್ದಾಗ ಮೈ ಹೇಗೆ ಕೊಬ್ಬು, ಸ್ನಾಯುಗಳನ್ನು ಒಡೆದು ಬಳಸುತ್ತದೆಯೋ ಇವರಲ್ಲಿ ಒಂದೇ ರಾತ್ರಿಗೆ ಹಾಗಾಗುತ್ತದೆ. ಸಂಜೆ ಏಳಕ್ಕೆ ಉಂಡು ಬೆಳಗ್ಗೆ ಒಂಬತ್ತಕ್ಕೆ ತಿಂಡಿ ಎಂದರೆ ದಿನವೂ ಹದಿನಾಲ್ಕು ಗಂಟೆ ಸ್ನಾಯು ಸವೆಯುತ್ತಿದೆ. ಹಗಲಲ್ಲಿ ಮೂರು ನಾಲ್ಕು ಗಂಟೆಗಿಂತ ಹೆಚ್ಚು ಅಂತರ ಇದೆಯೇ, ಮಲಗುವ ಮುಂಚೆ ಏನಾದರೂ ತಿನ್ನುತ್ತಾರೆಯೇ ಎಂಬುದನ್ನು ಬರೆದುಕೊಳ್ಳಿ. ಮಲಗುವ ಹೊತ್ತಿಗೆ ಸುಮಾರು 50 ಗ್ರಾಂ ಪಿಷ್ಟ ಸಿಗುವಂಥ ಉಪಾಹಾರ ಇಲ್ಲದಿದ್ದರೆ ಬದಲಿಸಬೇಕಾದ ಮೊದಲ ವಿಷಯ ಸಿಕ್ಕಿತು.

ಊಟ ಏಕೆ ಕಡಿಮೆಯಾಗಿದೆ ಎಂಬುದನ್ನೂ ಅಲ್ಲೇ ಕೇಳಿ. ನೀರು ಜಠರವನ್ನು ಒತ್ತಿ ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು. ಉಪ್ಪು ಬಿಟ್ಟ ಮೇಲೆ ಊಟ ರುಚಿಸದಿರುವುದು. ಸತು ಕಡಿಮೆಯಾಗಿ ನಾಲಿಗೆಯ ರುಚಿಯೇ ಕೆಟ್ಟಿರುವುದು. ಮೆದುಳಿನ ಮಬ್ಬಿಗೆ ಕೊಡುವ ಔಷಧಿ ಲ್ಯಾಕ್ಟುಲೋಸ್‌ನಿಂದ ಹೊಟ್ಟೆಯುಬ್ಬರ, ಭೇದಿ. ಮದ್ಯದಿಂದಲೇ ದಿನದ ಕ್ಯಾಲೊರಿ ತುಂಬಿಹೋಗುವುದು. ಒಂದೊಂದಕ್ಕೂ ಪರಿಹಾರ ಬೇರೆ. ಉಪ್ಪಿನ ವಿಷಯದಲ್ಲಿ ನಮ್ಮ ನಿಲುವು ಸ್ಪಷ್ಟ: ಕಟ್ಟುನಿಟ್ಟಿನ ಪಥ್ಯದಿಂದ ಊಟವೇ ಅರ್ಧಕ್ಕಿಳಿದಿದ್ದರೆ ಆ ಪಥ್ಯ ರೋಗಿಗೆ ಉಪಕಾರ ಮಾಡುತ್ತಿಲ್ಲ.

ಇನ್ನೊಂದು ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕು: 'ಬೇಳೆ, ಮೊಟ್ಟೆ, ಹಾಲು, ಮಾಂಸ ಬಿಡಿ ಎಂದು ಯಾರಾದರೂ ಹೇಳಿದ್ದಾರೆಯೇ?' ಮೆದುಳಿನ ಮಬ್ಬಿಗೆ ಪ್ರೋಟೀನ್ ಕಾರಣವೆಂದು ಅದನ್ನು ಬಿಡಿಸುವ ಹಳೆಯ ಸಲಹೆ ಇನ್ನೂ ಓಡಾಡುತ್ತಿದೆ. ಅಮೋನಿಯಾವನ್ನು ಹೀರಿ ಗ್ಲುಟಮಿನ್ ಮಾಡುವ ಕೆಲಸ ಲಿವರ್ ಸೋತಾಗ ಸ್ನಾಯುವಿನ ಪಾಲಿಗೆ ಬರುತ್ತದೆ. ಪ್ರೋಟೀನ್ ಬಿಟ್ಟರೆ ಸ್ನಾಯು ಕರಗುತ್ತದೆ, ಸ್ನಾಯು ಕರಗಿದರೆ ಮಬ್ಬು ಹೆಚ್ಚುತ್ತದೆ. ಈಗಿನ ಮಾರ್ಗಸೂಚಿಗಳು ಮಬ್ಬು ಇದ್ದರೂ ಪ್ರೋಟೀನ್ ಇಳಿಸಬಾರದು ಎನ್ನುತ್ತವೆ.

ರಕ್ತಪರೀಕ್ಷೆ, ಸ್ಕ್ಯಾನ್

ಆಲ್ಬುಮಿನ್ ನೋಡಿ ಪೌಷ್ಟಿಕತೆ ಹೇಳುವ ಅಭ್ಯಾಸವನ್ನು ಲಿವರ್ ವಾರ್ಡಿನಲ್ಲಂತೂ ಬಿಡಲೇಬೇಕು. ಅದನ್ನು ತಯಾರಿಸುವುದು ಲಿವರ್. ಸೋಂಕು, ಉರಿಯೂತ ಬಂದಾಗ ಇನ್ನೂ ಇಳಿಯುತ್ತದೆ. ನೀರು ತೆಗೆದಾಗ ರಕ್ತನಾಳಕ್ಕೆ ಕೊಟ್ಟರೆ ಏರುತ್ತದೆ. ಇದರಲ್ಲಿ ಊಟದ ಪಾಲು ಎಷ್ಟೆಂದು ಬಿಡಿಸಿ ಹೇಳಲಾಗದು. ಪ್ರೀಆಲ್ಬುಮಿನ್‌ಗೂ ಇದೇ ಕತೆ.

ಕ್ರಿಯಾಟಿನಿನ್ ಮಾತ್ರ ತಿರುಗಿಸಿ ಓದಬೇಕಾದ ಸುಳಿವು. ಅದು ಸ್ನಾಯುವಿನಿಂದ ಬರುವುದರಿಂದ ಸ್ನಾಯು ಕರಗಿದವರಲ್ಲಿ ಕಡಿಮೆಯಿರುತ್ತದೆ. ಹಾಗಾಗಿ ಮೂತ್ರಪಿಂಡ ಸೊರಗಿದ್ದರೂ ವರದಿ ಸಹಜವೆನಿಸುತ್ತದೆ, ಕ್ರಿಯಾಟಿನಿನ್ ಅನ್ನೂ ಲೆಕ್ಕಕ್ಕೆ ಹಿಡಿದು ಲಿವರ್ ಕಾಯಿಲೆಯ ತೀವ್ರತೆ ಹೇಳುವ ಮೆಲ್ಡ್ ಅಂಕವೂ ಕಾಯಿಲೆಯನ್ನು ಕಡಿಮೆ ತೋರಿಸುತ್ತದೆ. ತೀರಾ ಸೊರಗಿದವರಲ್ಲಿ ಸ್ನಾಯುವಿನ ಮೇಲೆ ಅಷ್ಟಾಗಿ ನಿಲ್ಲದ ಮೂತ್ರಪಿಂಡ ಪರೀಕ್ಷೆ ಸಿಸ್ಟಾಟಿನ್ ಸಿ ಮಾಡಿಸುವುದು ಒಳ್ಳೆಯದು. ವಿಟಮಿನ್ ಡಿ, ಸತು, ಮದ್ಯ ಸೇವಿಸುವವರಲ್ಲಿ ಥಯಾಮಿನ್, ಕಾಮಾಲೆ ಬಹುಕಾಲ ಉಳಿದವರಲ್ಲಿ ಕೊಬ್ಬಿನಲ್ಲಿ ಕರಗುವ ಇತರ ವಿಟಮಿನ್‌ಗಳ ಕೊರತೆ ಹುಡುಕಿ.

ಸ್ನಾಯುವಿನ ಗಾತ್ರಕ್ಕೆ ಅತ್ಯಂತ ನಿಖರ ಅಳತೆ ಸಿ.ಟಿ. ಸ್ಕ್ಯಾನಿನದು. ಇದಕ್ಕೆಂದೇ ಹೊಸ ಸ್ಕ್ಯಾನ್ ಬೇಡ. ಗಡ್ಡೆ ಹುಡುಕಲೋ ಕಸಿಯ ಸಿದ್ಧತೆಗೋ ಮಾಡಿಸಿದ್ದು ಇದ್ದರೆ ಸೊಂಟದ ಮೂರನೇ ಕಶೇರುಕದ ಮಟ್ಟದ ಒಂದು ಚಿತ್ರ ಸಾಕು. −29ರಿಂದ +150 ಹೌನ್ಸ್‌ಫೀಲ್ಡ್ (ಸಿ.ಟಿ.ಯಲ್ಲಿ ಸಾಂದ್ರತೆಯ ಮಾನ) ನಡುವಿನ ಸ್ನಾಯುವಿನ ವಿಸ್ತೀರ್ಣವನ್ನು ಗುರುತಿಸಿ, ಮೀಟರಿನಲ್ಲಿ ಬರೆದ ಎತ್ತರದ ವರ್ಗದಿಂದ ಭಾಗಿಸಬೇಕು. ನಮ್ಮ ರೋಗಿಗೆ 120 ಚ.ಸೆಂ.ಮೀ. ಬಂದರೆ 120 ÷ 2.82 = 42.5. ಉತ್ತರ ಅಮೆರಿಕದ ಕಸಿ ಕಾದಿರುವವರಿಂದ ಬಂದ ಗಡಿ ಗಂಡಸರಿಗೆ 50, ಹೆಂಗಸರಿಗೆ 39. ಅದರಂತೆ ಇವರ ಸ್ನಾಯು ಕಡಿಮೆ. ಜಪಾನಿನ ಹೆಪಟಾಲಜಿ ಸಂಘದ ಗಡಿ 42 ಮತ್ತು 38. ಅದರಂತೆ ಕೂದಲೆಳೆಯಷ್ಟು ಮೇಲೆ. ಯಾವ ಗಡಿ ಎಂದು ಬರೆಯದೆ 'ಸಾರ್ಕೊಪೀನಿಯಾ ಇದೆ' ಅಥವಾ 'ಇಲ್ಲ' ಎಂದಷ್ಟೇ ಬರೆಯುವ ವರದಿಗೆ ಅರ್ಥವಿಲ್ಲ.

ಮೈಯೊಳಗೆ ಸಣ್ಣ ವಿದ್ಯುತ್ ಹರಿಸಿ ಅಳೆಯುವ ಬಯೋ-ಇಂಪೀಡೆನ್ಸ್ ಯಂತ್ರ ನೀರನ್ನು ಕೊಬ್ಬಿಲ್ಲದ ತೂಕಕ್ಕೆ ಸೇರಿಸಿಬಿಡುತ್ತದೆ. ಜಲೋದರವಿದ್ದರೆ ಅದು ಮುದ್ರಿಸುವ 'ಸ್ನಾಯು' ಅಂಕಿಯನ್ನು ಬದಿಗಿಟ್ಟು ಫೇಸ್ ಆಂಗಲ್ (ಜೀವಕೋಶಗಳ ಸ್ಥಿತಿ ತೋರುವ ಅಂಕಿ) ಒಂದನ್ನು ನೋಡಿ. ಕ್ಷ-ಕಿರಣದಿಂದ ಮೂಳೆ, ಕೊಬ್ಬು ಅಳೆಯುವ ಡೆಕ್ಸಾಕ್ಕೂ ನೀರು-ಸ್ನಾಯುವಿನ ಭೇದ ತಿಳಿಯದು.

ಎಲ್ಲವನ್ನೂ ಕೂಡಿಸುವುದು

ರಾಯಲ್ ಫ್ರೀಯ ಸಮಗ್ರ ಮೌಲ್ಯಮಾಪನ ಮೂರನ್ನು ಹೆಣೆಯುತ್ತದೆ: ಒಣ ತೂಕದ ಬಿಎಂಐ 20ರ ಮೇಲೋ ಕೆಳಗೋ, ತೋಳಿನ ಸ್ನಾಯು 5ನೇ ಪರ್ಸೆಂಟೈಲಿನ ಮೇಲೋ ಕೆಳಗೋ, ಊಟ ಸಾಕೋ, ಸಾಲದೋ, ಇಲ್ಲವೇ ಇಲ್ಲವೋ. ಮೂರೂ ಚೆನ್ನಾಗಿದ್ದರೆ ಪೌಷ್ಟಿಕತೆ ಸರಿಯಿದೆ. ಮೂರೂ ಕೆಟ್ಟಿದ್ದರೆ ತೀವ್ರ ಅಪೌಷ್ಟಿಕತೆ. ನಮ್ಮ ರೋಗಿ ಈ ಎರಡನೆಯ ಗುಂಪಿನವರು, ಕಡತದಲ್ಲಿ ಬಿಎಂಐ 24.1 ಎಂದಿದ್ದರೂ. ನಡುವಿನವರಲ್ಲಿ ಇತ್ತೀಚೆಗೆ ತೂಕ ಥಟ್ಟನೆ ಕುಸಿದಿದ್ದರೆ, ಇಲ್ಲವೇ ಹಸಿವು ಈಚೆಗೆ ಚೆನ್ನಾಗಿ ಮರಳಿದ್ದರೆ ದರ್ಜೆಯನ್ನು ಒಂದು ಮೆಟ್ಟಿಲು ಕೆಳಕ್ಕೋ ಮೇಲಕ್ಕೋ ಸರಿಸುವ ಸ್ವಾತಂತ್ರ್ಯ ನೋಡುವವರಿಗಿದೆ. ಸರಿಸಿದರೆ ಕಾರಣ ಬರೆಯಿರಿ.

ತೀವ್ರ ಎಂದು ಬಂದವರಿಗೆ, ಅದರಲ್ಲೂ ಐದಾರು ದಿನ ಏನೂ ತಿನ್ನದವರಿಗೆ, ಗುರಿಯ ಪೂರ್ತಿ ಕ್ಯಾಲೊರಿಯನ್ನು ಮೊದಲ ದಿನವೇ ಸುರಿಯಬಾರದು. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿ, ಥಯಾಮಿನ್ ಕೊಟ್ಟು, ಮೆಲ್ಲಗೆ ಏರಿಸಿ; ಇಲ್ಲದಿದ್ದರೆ ಮೊದಲ ಕೆಲವೇ ದಿನಗಳಲ್ಲಿ ಫಾಸ್ಫೇಟ್ ಕುಸಿದು ಉಸಿರಾಟ, ಹೃದಯಕ್ಕೆ ಕುತ್ತು ಬರುತ್ತದೆ.

ಮರುಪರೀಕ್ಷೆ ಹೊರರೋಗಿಗಳಲ್ಲಿ ಒಂದರಿಂದ ಆರು ತಿಂಗಳೊಳಗೆ. ಕಾಯಿಲೆ ಹೆಚ್ಚಿದಷ್ಟೂ ಬೇಗ. ಒಳರೋಗಿಗಳಲ್ಲಿ ದಾಖಲಾದಾಗ ಒಮ್ಮೆ, ಆಮೇಲೆ ಇರುವವರೆಗೂ ಆಗಾಗ. ಪ್ರತಿ ಸಲವೂ ಅದೇ ಕೈ, ಅದೇ ಡೈನಮೋಮೀಟರ್, ಅದೇ ಕುರ್ಚಿ, ಆದಷ್ಟೂ ಅದೇ ವ್ಯಕ್ತಿ. ಅಳೆದ ತೂಕ, ಜಲೋದರದ ದರ್ಜೆ, ಒಣ ತೂಕ, ತೋಳಿನ ಸ್ನಾಯು, ಹಿಡಿತ, ಕ್ಯಾಲೊರಿ, ಪ್ರೋಟೀನ್, ರಾತ್ರಿಯ ಖಾಲಿ ಗಂಟೆಗಳು: ಇವಿಷ್ಟಕ್ಕೂ ಕಡತದಲ್ಲಿ ಒಂದೇ ಸಾಲು ಮಾಡಿ, ಮುಂದಿನ ಸಲದ್ದನ್ನು ಅದರ ಕೆಳಗೇ ಬರೆಯಿರಿ. ಅಳೆದ ತೂಕ ಏರುತ್ತಾ ಹಿಡಿತ ಇಳಿಯುತ್ತಿದ್ದರೆ ಏರಿದ್ದು ನೀರು; ಆ ದಿನವೇ ಆಹಾರ ತಜ್ಞರನ್ನೂ ಲಿವರ್ ವೈದ್ಯರನ್ನೂ ಕರೆಯಿರಿ.